ಎರವಲು ಲೆನ್ಸ್

ಅವರಿಬ್ಬರ ಪರಿಚಯ ಶುರುವಾದದ್ದೇ ಬೂಷ್ಟಿನಿಂದ.

ಅವನು ಕ್ಯಾಮೆರಾ ಅಂಗಡಿಯೊಂದರ ಮಹಡಿಯಲ್ಲಿ ರಿಪೇರಿ ಮಾಡುತ್ತಿದ್ದ. ಕಿರಿದಾದ ಮರದ ಮೆಟ್ಟಿಲು ಹತ್ತಿದರೆ ಕಿಟಕಿ ಪಕ್ಕ ಒಂದು ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ಸ್ಕ್ರೂಗಳು. ಅವಳು ತಂದ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ, "ಒಳಗೆ ಬೂಷ್ಟು ಬಂದಿದೆ" ಅಂದ.

"ಬೂಷ್ಟು ಬರೋಕೆ ಇದೇನು ಬ್ರೆಡ್ಡಾ? ಕ್ಯಾಮೆರಾ, ಲೆನ್ಸು ಎಲ್ಲಾ ನಮ್ಮ ಸೋದರಮಾವ ಕೊಟ್ಟಿದ್ದು. ಅವರು ಇದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ರು."

"ನೋಡ್ಕೊಂಡಿದ್ರು, ಸರಿ. ಗಾಳಿ ಆಡೋಕೆ ಬಿಟ್ಟಿಲ್ಲ."

ನಗಬಾರದು ಎಂದುಕೊಂಡೇ ಅವಳು ನಕ್ಕಳು. ನಗುವಾಗ ಮೊದಲು ಅವಳ ಎಡಗಣ್ಣು ಸಣ್ಣದಾಗುತ್ತಿತ್ತು, ಆಮೇಲೆ ತುಟಿ ಸಡಿಲವಾಗುತ್ತಿತ್ತು. ಆ ಕ್ರಮವನ್ನು ಅವನು ಅವತ್ತೇ ಬಾಯಿಪಾಠ ಮಾಡಿಬಿಟ್ಟ.

ಕ್ಲೀನ್ ಮಾಡಲು ಒಂದು ವಾರ ಬೇಕಿತ್ತು. ಅವಳಿಗೋ ಮರುದಿನವೇ ಲೆನ್ಸ್ ಬೇಕು. ಹಗಲು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಟೋಕನ್ ಕೊಡುತ್ತಾ ಕೂರುವವಳು, ಸಂಜೆಯಾದರೆ ಒಂದು ನಾಟಕ ತಂಡದ ರಿಹರ್ಸಲ್ ಹಾಲಿಗೆ ಹೋಗಿ ಫೋಟೋ ತೆಗೆಯುತ್ತಿದ್ದಳು. ಮುಂದೆ ಅದೇ ತನ್ನ ಕೆಲಸವಾಗಬೇಕೆಂಬುದು ಅವಳ ಆಸೆ. ಅವನು ಹೆಚ್ಚು ಯೋಚಿಸದೆ ಡ್ರಾಯರ್ ಎಳೆದು ತನ್ನ ಎಂಬತ್ತೈದು ಎಂಎಂ ಲೆನ್ಸ್ ತೆಗೆದುಕೊಟ್ಟ. ಮುಖಗಳನ್ನು ತೆಗೆಯಲು ಹೇಳಿ ಮಾಡಿಸಿದಂಥ ಲೆನ್ಸ್. ಅವಳ ಕ್ಯಾಮೆರಾದ್ದೂ ಅದೇ ಬ್ರ್ಯಾಂಡ್. ತಿರುಗಿಸಿದೊಡನೆ ಸರಿಯಾಗಿ ಕೂತಿತು.

"ಗುರುತು ಪರಿಚಯ ಇಲ್ಲದೋಳಿಗೆ ಕೊಡ್ತಿದೀರಲ್ಲ?"

"ನಿಮ್ಮ ಮಾವನ ಬೂಷ್ಟು ನನ್ನ ಹತ್ರ ಇದೆಯಲ್ಲ, ಎಲ್ಲಿ ಹೋಗ್ತೀರಿ."

ಮಾವನ ಲೆನ್ಸ್ ಸರಿಹೋದ ಮೇಲೂ ಎರವಲು ನಿಲ್ಲಲಿಲ್ಲ. ಶುಕ್ರವಾರ ಒಯ್ಯುವುದು, ಸೋಮವಾರ ತಂದುಕೊಡುವುದು. ತಂದುಕೊಡುವಾಗ ಎದುರಿನ ಸ್ಟೂಲಿನಲ್ಲಿ ಕೂತು, ತೆಗೆದ ಫೋಟೋಗಳನ್ನು ಒಂದೊಂದಾಗಿ ತೋರಿಸುವುದು. "ಇದು ಅಲುಗಿದೆ" ಅಂತ ಅವನು ಅಂದರೆ, "ಅಲುಗಿದ್ದು ಅವರು, ನಾನಲ್ಲ" ಎಂಬ ವಾದ. ಸ್ಕ್ರೀನಿನ ಮೇಲೆ ಬಗ್ಗಿದ ಎರಡು ತಲೆಗಳ ನಡುವೆ ಒಂದು ಗೇಣು ಅಂತರ. ಎರಡು ವರ್ಷ ಆ ಗೇಣು ಹಾಗೇ ಉಳಿಯಿತು.

ಈ ನಡುವೆ ಅವನು ಇನ್ನೂ ಎರಡು ಲೆನ್ಸ್ ಕೊಂಡ. ಅಂಗಡಿಯ ಯಜಮಾನರು ಕನ್ನಡಕದ ಮೇಲಿಂದ ನೋಡಿ, "ಅಲ್ಲಯ್ಯಾ, ನೀನು ಫೋಟೋ ತೆಗೆದಿದ್ದು ನಾನು ನೋಡೇ ಇಲ್ಲ. ಇಷ್ಟೆಲ್ಲ ಯಾಕೆ?" ಎಂದು ಕೇಳಿದರು. ಅವನು ಸ್ಕ್ರೂ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದ.

ಆ ವರ್ಷದ ಹೊಸ ನಾಟಕದಲ್ಲಿ ತಾಯಿಯ ಪಾತ್ರದ ಹಿರಿಯ ನಟಿಯೊಬ್ಬರು ಒಂದೂ ಮಾತಾಡದೆ ಒಣಗಿದ ಬಟ್ಟೆ ಮಡಿಸುವ ದೃಶ್ಯವಿತ್ತು. ಆ ಮೌನದೊಳಗೆ ಅವಳ ಶಟರ್ ಟಕಟಕ ಬಡಿಯಿತು. ನಿರ್ದೇಶಕರು ರಿಹರ್ಸಲ್ ನಿಲ್ಲಿಸಿದರು.

"ನಿನ್ನ ಫೋಟೋ ಬೇಕಮ್ಮ, ಈ ಸದ್ದು ಬೇಡ. ಸದ್ದಿಲ್ಲದ ಕ್ಯಾಮೆರಾ ತಂದ್ರೆ ಇನ್ನು ನಮ್ಮ ಎಲ್ಲಾ ನಾಟಕನೂ ನಿನಗೇ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಮರುದಿನ ಅವಳು ಮೆಟ್ಟಿಲು ಹತ್ತಿ ಬಂದು ಸ್ಟೂಲಿನಲ್ಲಿ ಕೂತಳು.

"ನೀವೇ ಹೇಳಿ. ನಮ್ಮ ಬ್ರ್ಯಾಂಡಿನ ಹೊಸ ಮಾಡೆಲ್ ತಗೊಳ್ಳಾ, ಇಲ್ಲಾ ಆ ಇನ್ನೊಂದು ಕಂಪನೀದಾ?"

'ನಮ್ಮ ಬ್ರ್ಯಾಂಡ್' ಎಂಬ ಮಾತಿಗೆ ಅವನ ಎದೆ ಒಂದು ಕ್ಷಣ ಬೆಚ್ಚಗಾಯಿತು.

"ನಮ್ಮದರಲ್ಲಿ ಸದ್ದು ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ. ಅದರಲ್ಲಿ ಸದ್ದೇ ಇಲ್ಲ. ಆದ್ರೆ ಈ ಲೆನ್ಸ್ ಯಾವುದೂ ಅದಕ್ಕೆ ಸರಿಹೋಗಲ್ಲ. ಅಡಾಪ್ಟರ್ ಹಾಕಿದ್ರೆ ಕೂರುತ್ತೆ, ಫೋಕಸ್ ತಡವರಿಸುತ್ತೆ. ಎಲ್ಲಾ ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದಾಗಿ ಶುರು ಮಾಡ್ಬೇಕು."

"ಮಾವನ್ನ ಕೇಳ್ದೆ. 'ಫೋಟೋ ತೆಗಿ ಅಂತ ಕೊಟ್ಟೆ ಕಣೇ, ಬೀರುವಿನಲ್ಲಿ ಇಟ್ಕೋ ಅಂತಲ್ಲ' ಅಂದ್ರು." ಅವಳು ಬ್ಯಾಗಿನ ಜಿಪ್ಪನ್ನು ಎಳೆದಳು, ಹಾಕಿದಳು. "ಮಾವಂದೇನೂ ತಕರಾರಿಲ್ಲ."

ಬೇರೆ ಯಾರದ್ದಾದರೂ ತಕರಾರು ಇದೆಯಾ ಎಂದು ಕೇಳುವಂತಿತ್ತು ಅವಳ ನೋಟ. ನಮ್ಮದೇ ತಗೊಳ್ಳಿ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ನುಂಗಿಕೊಂಡು, "ಎರಡನ್ನೂ ಹಿಡಿದು ನೋಡಿ, ಆಮೇಲೆ ಹೇಳ್ತೀನಿ" ಅಂದ.

ಭಾನುವಾರ ಅಂಗಡಿಯ ಡೆಮೋ ಕ್ಯಾಮೆರಾಗಳೆರಡನ್ನೂ ಹಿಡಿದು ಇಬ್ಬರೂ ರಿಹರ್ಸಲ್ ಹಾಲಿಗೆ ಹೋದರು. ಸದ್ದಿಲ್ಲದ ಕ್ಯಾಮೆರಾ ಕೈಗೆ ಬಂದದ್ದೇ ತಡ, ಅವಳು ಬೇರೆಯೇ ಆಗಿಬಿಟ್ಟಳು. ಇದುವರೆಗೆ ದೂರದಲ್ಲಿ ಮುದುಡಿ ನಿಲ್ಲುತ್ತಿದ್ದವಳು ರಂಗದ ಅಂಚಿನವರೆಗೂ ಹೋಗಿ ಮಂಡಿಯೂರಿದಳು. ನಟಿಗೆ ಅವಳಿದ್ದದ್ದೇ ಗೊತ್ತಾಗಲಿಲ್ಲ. ವಾಪಸ್ ಬಂದು ತೋರಿಸಿದ ಫೋಟೋದಲ್ಲಿ ಆ ತಾಯಿ ಒಂದು ಅಂಗಿಯನ್ನು ಮಡಿಸಲು ಮನಸ್ಸಾಗದೆ ಎದೆಗೊತ್ತಿಕೊಂಡಿದ್ದರು.

ಅವನು ಬಹಳ ಹೊತ್ತು ನೋಡಿದ. "ಇದನ್ನೇ ತಗೊಳ್ಳಿ. ಇದರಲ್ಲಿ ಎರಡು ಮಾತಿಲ್ಲ."

"ಮತ್ತೆ ನಿಮ್ಮ ಲೆನ್ಸು?"

"ಇನ್ಮೇಲೆ ಅದು ನಿಮಗೆ ಬೇಕಾಗಲ್ಲ."

"ಯೋಚ್ನೆ ಮಾಡಿ ಹೇಳ್ತಿದೀರಾ?"

"ಹೂಂ."

ಅವಳ ಮುಖ ಸಪ್ಪಗಾಯಿತು. ಅವನಿಗದು ಕಾಣಿಸಲಿಲ್ಲ, ತನ್ನ ಮುಖ ಕಾಣಿಸಬಾರದೆಂದು ಅವನು ಕ್ಯಾಮೆರಾಗಳನ್ನು ಬ್ಯಾಗಿಗೆ ತುಂಬುತ್ತಿದ್ದ.

ಎರಡು ದಿನ ಬಿಟ್ಟು ಅವನು ಊಟಕ್ಕೆ ಹೋದ ಹೊತ್ತು ನೋಡಿ ಅವಳು ಬಂದು, ಎಕ್ಸ್‌ಚೇಂಜಿನ ಬ್ಯಾಗನ್ನು ಯಜಮಾನರ ಕೈಗೆ ಕೊಟ್ಟು ಹೋಗಿದ್ದಳು. ಹಳೆಯದನ್ನು ಪರೀಕ್ಷೆ ಮಾಡುವುದು ಅವನದೇ ಕೆಲಸ. ಮಾವನ ಕ್ಯಾಮೆರಾ ಹೊರಬಂತು. ಮಾವನ ಎರಡು ಲೆನ್ಸ್. ತಳದಲ್ಲಿ ಇನ್ನೂ ಒಂದು ಪೆಟ್ಟಿಗೆ.

ಎಂಬತ್ತೈದರ ಲೆನ್ಸ್. ಥೇಟ್ ಅವನದೇ ಮಾಡೆಲ್. ಒಂದು ಗೀರಿಲ್ಲ, ಬೆರಳಚ್ಚೂ ಇಲ್ಲ. ಬೇರೆ ಅಂಗಡಿಯ ವಾರಂಟಿ ಕಾರ್ಡಿನಲ್ಲಿದ್ದದ್ದು ಹದಿನಾಲ್ಕು ತಿಂಗಳ ಹಿಂದಿನ ತಾರೀಖು.

ಹದಿನಾಲ್ಕು ತಿಂಗಳು. ಅಷ್ಟೂ ಶುಕ್ರವಾರ ಅವಳು ತನ್ನ ಹತ್ತಿರ ಇದ್ದದ್ದನ್ನೇ ಎರವಲು ಕೇಳುತ್ತಿದ್ದಳು.

ಅವನು ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿದ. "ಎಲ್ಲಿಗೋ?" ಎಂದು ಯಜಮಾನರು ಕೇಳಿದರು. "ಹಲ್ಲು ತೋರಿಸೋಕೆ" ಅಂದ.

ಕ್ಲಿನಿಕ್ಕಿನಲ್ಲಿ ಕೆನ್ನೆ ಊದಿಸಿಕೊಂಡ ಹಿರಿಯರೊಬ್ಬರು ಮಾತ್ರ ಕೂತಿದ್ದರು. ಅವನನ್ನು ಕಂಡು ಅವಳು ರಿಜಿಸ್ಟರ್ ಮೇಲೆ ಬಗ್ಗಿದಳು.

"ಯಾವ ಹಲ್ಲು?"

ಅವನು ಪೆಟ್ಟಿಗೆಯನ್ನು ರಿಜಿಸ್ಟರ್ ಮೇಲಿಟ್ಟ. "ಇದನ್ನ ಎಕ್ಸ್‌ಚೇಂಜ್‌ಗೆ ತಗೊಳ್ಳಲ್ಲ. ಇದು ನಿಮ್ಮ ಹತ್ರ ಇತ್ತಲ್ಲ. ನನ್ನದನ್ನ ಯಾಕೆ ಕೇಳ್ತಿದ್ರಿ?"

ಅವಳ ಕಿವಿ ಕೆಂಪಾಯಿತು. "ನಿಮ್ಮದಾದ್ರೆ ವಾಪಸ್ ಕೊಡೋಕೆ ಬರ್ಬೇಕಲ್ಲ." ಪೆನ್ನಿನ ಕ್ಯಾಪ್ ತೆಗೆದಳು, ಹಾಕಿದಳು. "ಆ ಕ್ಯಾಮೆರಾನೇ ತಗೊಳ್ಳಿ ಅಂತ ಎಷ್ಟು ಸಲೀಸಾಗಿ ಹೇಳಿಬಿಟ್ರಿ. ಪೀಡೆ ತೊಲಗಿತು ಅಂದ್ಕೊಂಡ್ರೇನೋ ಅನ್ನಿಸ್ತು."

"ಸಲೀಸಾಗಿ ಹೇಳ್ಲಿಲ್ಲ. ಆ ಫೋಟೋ ಅಷ್ಟು ಚೆನ್ನಾಗಿತ್ತು. ನೀವು ನನ್ನ ಹತ್ರ ಬರ್ತಾ ಇರ್ಬೇಕು ಅಂತ ನಿಮ್ಮ ಕೈ ಕಟ್ಟಿಹಾಕೋದು ಸರಿ ಅನ್ನಿಸ್ಲಿಲ್ಲ." ಉಸಿರು ಎಳೆದುಕೊಂಡ. "ನನಗೆ ಫೋಟೋ ತೆಗೆಯೋಕೆ ಬರಲ್ಲ. ಆ ಲೆನ್ಸ್ ಎಲ್ಲಾ ಕೊಂಡಿದ್ದು ನೀವು ಕೇಳ್ತೀರಿ ಅಂತ."

ಕೆನ್ನೆ ಊದಿದ ಹಿರಿಯರು, "ನನ್ನ ನಂಬರ್ ಯಾವಾಗಮ್ಮ?" ಎಂದವರು ಇಬ್ಬರ ಮುಖ ನೋಡಿ, "ಇರ್ಲಿ, ಮಾತು ಮುಗಿಸಿ. ಅರ್ಜೆಂಟೇನಿಲ್ಲ" ಅಂದರು.

ಅವಳ ಎಡಗಣ್ಣು ಸಣ್ಣದಾಯಿತು.

"ಹೊಸ ಕ್ಯಾಮೆರಾದಲ್ಲಿ ಒಂದು ಬಟನ್ನೂ ನನಗೆ ಗೊತ್ತಿಲ್ಲ."

"ನನಗೂ ಅಷ್ಟೇ. ಇಲ್ಲೀತನಕ ಬಿಚ್ಚಿದ್ದೆಲ್ಲ ಒಂದೇ ಕಂಪನೀದು."

"ಹಾಗಾದ್ರೆ ಸಂಜೆ ಹಾಲ್ ಹತ್ರ ಬಾ, ಕಲಿಯೋಣ" ಅಂದಳು. ಬನ್ನಿ ಅನ್ನಲಿಲ್ಲ.

ಆ ಸಂಜೆ ರಿಹರ್ಸಲ್ ಹಾಲಿನ ಮೆಟ್ಟಿಲ ಮೇಲೆ ಕೂತು ಅವನು ಹೊಸ ಕ್ಯಾಮೆರಾದ ಮ್ಯಾನುಯಲ್ ಓದುತ್ತಾ ಹೋದ, ಅವಳು ಬಟನ್ ಒತ್ತುತ್ತಾ ಹೋದಳು. ಇದೆಲ್ಲ ಆಗಿ ಹನ್ನೊಂದು ವರ್ಷವಾಯಿತು. ಆ ಅಂಗಡಿ ಈಗಿಲ್ಲ, ಆ ಕ್ಯಾಮೆರಾವೂ ಹಳೆಯದಾಗಿ ಇನ್ನೊಂದು ಬಂದಿದೆ. ಮ್ಯಾನುಯಲ್ಲಿನಲ್ಲಿ ಏನಿತ್ತೆಂದು ಕೇಳಿದರೆ ಅವನಿಗೆ ಒಂದಕ್ಷರವೂ ನೆನಪಿಲ್ಲ. ಮೂವತ್ತೆಂಟನೇ ಪುಟದಲ್ಲಿ ಅವಳ ತಲೆ ತನ್ನ ಭುಜಕ್ಕೆ ಒರಗಿತೆಂದು ಮಾತ್ರ ಖಂಡಿತವಾಗಿ ಹೇಳುತ್ತಾನೆ.

ಅವಳು ಒಪ್ಪುವುದಿಲ್ಲ. "ಮೂವತ್ನಾಲ್ಕರಲ್ಲೇ ಒರಗಿದ್ದೆ" ಅನ್ನುತ್ತಾಳೆ. "ನಿನಗೆ ಗೊತ್ತಾಗಿದ್ದು ತಡ."