ಮೂವತ್ತೇಳರ ಪಕ್ಕದ ಚುಕ್ಕೆ

ನಾನು ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಕೈಗಳನ್ನು. ಗಾಳಿ, ತೇವ ಒಂದೂ ನುಸುಳದ ಗಾಜಿನ ಪೆಟ್ಟಿಗೆ. ಅದರ ಎರಡೂ ಬದಿಗೆ ಅಂಟಿಸಿದ ದಪ್ಪ ರಬ್ಬರಿನ ಕೈಗವಸುಗಳು. ಒಂದು ಬದಿಯಿಂದ ಕೈ ತೂರಿಸಿ ಅವನು ಗಾಜಿನ ಬಿಲ್ಲೆಯ ಮೇಲೆ ಸೋಲಾರ್ ಸೆಲ್‌ನ ತೆಳುಪದರ ಹರಡುತ್ತಿದ್ದ.

"ಸರ್, ನಾನು ಹೊಸ ಟೆಕ್ನಿಷಿಯನ್..."

"ಸರ್ ಅಂದ್ರೆ ನಾನೇ ಹಿಂದೆ ತಿರುಗಿ ನೋಡ್ತೀನಿ. ಎಲ್ಲರ ಹಾಗೆ ಗಾಜಪ್ಪ ಅನ್ನಿ. ಬನ್ನಿ, ಆ ಕಡೆಯಿಂದ ಹಿಡ್ಕೊಳ್ಳಿ."

ಪೆಟ್ಟಿಗೆಯೊಳಗೆ ಬೆರಳಿಗೆ ಬೆರಳು ತಗುಲಿತು. ನನ್ನ ಕಿವಿ ಕೆಂಪೇರಿದ್ದು ಕಂಡಿತೇನೋ, ತುಟಿಯಂಚಿನಲ್ಲೇ ನಕ್ಕ. ಆಮೇಲಿನ ಆರು ತಿಂಗಳಲ್ಲಿ ನಾವು ಮುಟ್ಟಿಕೊಂಡಿದ್ದು ಅಷ್ಟೇ, ಅಲ್ಲೇ, ನಡುವೆ ಎರಡು ಪದರ ರಬ್ಬರ್ ಇಟ್ಟುಕೊಂಡು. ಅದೂ ಅಪರೂಪಕ್ಕೆ. ಉಳಿದ ದಿನ ನನ್ನದು ಗಾಜು ತೊಳೆಯುವ ಮೇಜು.

ಪ್ರತಿ ಬಿಲ್ಲೆಯ ಮೂಲೆಯಲ್ಲಿ ವಜ್ರದ ಮೊನೆಯ ಪೆನ್ನಿನಿಂದ ನಂಬರ್ ಕೊರೆಯುತ್ತಿದ್ದ. ಕೆಲವಕ್ಕೆ ಮಾತ್ರ, ಕೆಲಸ ಮುಗಿದ ಮೇಲೆ, ಪಕ್ಕದಲ್ಲೊಂದು ಚುಕ್ಕೆ.

"ಇದೇನು?" ಎಂದೆ ಒಮ್ಮೆ.

"ಈ ಮೂವತ್ತೇಳನೇದು ಬಾಳಿಕೆ ಟೆಸ್ಟಿನ ದೀಪದ ಕೆಳಗೆ ಸಾವಿರ ಗಂಟೆ ಮುಗಿಸ್ಲಿ. ಅವತ್ತು ಹೇಳ್ತೀನಿ."

"ಅಷ್ಟು ದಿನ ಕಾಯ್ಬೇಕಾ?"

"ಮಾತೇ ಆಡದವರಿಗೆ ಅವಸರ ಬೇರೆ!"

ಅದಾದ ಎಂಟನೇ ದಿನ ಅವನ ಬೈಕಿಗೆ ಲಾರಿ ಗುದ್ದಿತು. ಅವನು ಉಳಿಯಲಿಲ್ಲ.

ಒಳಗಿನ ಒತ್ತಡಕ್ಕೆ ಕೈಗವಸುಗಳು ಉಬ್ಬಿ ಹೊರಕ್ಕೆ ಚಾಚಿಕೊಂಡಿರುತ್ತವೆ. ಅದು ಮಾಮೂಲು. ಆದರೂ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆದರೆ ಅವನ ಬದಿಯ ಎರಡು ಕೈ ನನ್ನತ್ತ ನೀಡಿಕೊಂಡೇ ಇರುತ್ತಿದ್ದವು. ನಾನು ಗೋಡೆ ನೋಡುತ್ತ ದಾಟಿಹೋಗುತ್ತಿದ್ದೆ.

ಮೂವತ್ತೇಳರ ಕಂದು ಪದರ ಅಂಚಿನಲ್ಲಿ ಹಳದಿಗೆ ತಿರುಗತೊಡಗಿತು. ಪೂರ್ತಿ ಹಳದಿಯಾದರೆ ಅದು ಸತ್ತಂತೆ. ಅವನ ಕೈಯ ಕೊನೆಯ ಕೆಲಸ. ಸಾವಿರ ಗಂಟೆ ಮುಗಿದರೆ ಉತ್ತರ ಹೇಳಲು ಅವನಿಲ್ಲ. ಮುಗಿಯದೇ ಇದ್ದರೆ, ಅವನು ಹೇಳುವುದು ಇನ್ನೂ ಬಾಕಿಯಿದೆ. ದೀಪದ ಬೆಳಕು ಬೀಳದಂತೆ ನಾನು ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿದೆ. ರೀಡಿಂಗ್ ಹೊತ್ತಿಗಷ್ಟೇ ತೆಗೆದು, ಮತ್ತೆ ಹೊದಿಸಿದೆ.

ಹನ್ನೆರಡು ದಿನದ ಮೇಲೆ ಲ್ಯಾಬಿನ ಮುಖ್ಯಸ್ಥೆ, ನಮ್ಮ ಮೇಡಂ, ಕರೆದರು.

"ಏನಮ್ಮ, ಮೂವತ್ತೇಳರ ಗ್ರಾಫಲ್ಲಿ ದಿನಾ ಇಳೀತಿದ್ದ ಗೆರೆ ಈಗ ಮಿಸುಕೋದೇ ಇಲ್ವಲ್ಲ? ದೀಪ ಕೆಟ್ಟಿದ್ಯಾ?"

"ಇಲ್ಲ ಮೇಡಂ. ನಾನೇ ಮುಚ್ಚಿದ್ದೆ."

"ಯಾಕೆ?"

ಡೈರಿಗೂ ನೇರವಾಗಿ ಹೇಳದ ಮಾತು ಬಾಯಿಗೆ ಬಂತು. "ಅವರನ್ನ ಪ್ರೀತಿಸ್ತಿದ್ದೆ. ಆ ಚುಕ್ಕೆ ಏನು ಅಂತ ಹೇಳದೇ ಹೋಗ್ಬಿಟ್ರು."

ಮೇಡಂ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಟೆಸ್ಟ್ ಹಾಳಾಯ್ತು. ಆಗಿದ್ದನ್ನ ಆದ ಹಾಗೆ ಬರಿ. ಆಮೇಲೆ ಅವನ ಲ್ಯಾಬ್ ಪುಸ್ತಕ ತೆಗೆದು ಚುಕ್ಕೆ ಇರೋ ಬಿಲ್ಲೆಗಳ ದಿನಾಂಕ ನೋಡಮ್ಮ."

ಅವನ ಪುಸ್ತಕವನ್ನೂ ಬ್ಯಾಗಿನಲ್ಲಿದ್ದ ನನ್ನ ಡೈರಿಯನ್ನೂ ಅಕ್ಕಪಕ್ಕ ತೆರೆದಿಟ್ಟೆ. ಚುಕ್ಕೆಗಳು ಹನ್ನೊಂದು. ಹನ್ನೊಂದು ದಿನವೂ ನನ್ನ ಡೈರಿಯಲ್ಲಿ ಒಂದೇ ಸಾಲು: ಇಂದು ಪೆಟ್ಟಿಗೆಯಲ್ಲಿ ಅವನ ಎದುರು ಕೆಲಸ. ಮೊದಲ ಚುಕ್ಕೆ ನಾನು ಸೇರಿದ ದಿನದ್ದು.

ಎದ್ದುಹೋಗಿ ಹಾಳೆ ತೆಗೆದೆ. ಮೂವತ್ತೇಳರ ಮೇಲೆ ಬೆಳಕು ಬಿತ್ತು.

ಮರುದಿನ ಮೂವತ್ತೆಂಟನೆಯದನ್ನು ನಾನೊಬ್ಬಳೇ ಮಾಡಿದೆ. ಕೈ ತೂರಿಸಿದೊಡನೆ ಒಳಗಿನ ಒತ್ತಡ ಏರಿ, ಎದುರು ಬದಿಯ ಎರಡು ಕೈಗಳು ಮೆಲ್ಲಗೆ ಅಲುಗಿದವು. ಅದು ಮಾಮೂಲು.

ಬಿಲ್ಲೆಯನ್ನು ಹೊರತೆಗೆದು, ನಂಬರಿನ ಪಕ್ಕ ಚುಕ್ಕೆ ಇಟ್ಟೆ.