ಬರ್ತೀನ್ರಿ ಎಂದ ಯಂತ್ರ

ಕಲಬುರಗಿ ರಕ್ತಕೇಂದ್ರದ ಸರ್ವರ್ ಮಂಗಳೂರಿನ ಸರ್ವರ್‌ನೊಂದಿಗೆ ದಿನವಿಡೀ ಮಾತಾಡುತ್ತಿತ್ತು. 'ವಾಗ್ಬಂಧ' ಎಂಬ ಸಾಧನ ಬಂದ ಮೇಲೆ ಸರ್ವರ್‌ಗಳು ಸಂಕೇತಗಳನ್ನು ಬಿಟ್ಟು, ಮನುಷ್ಯರ ಮಾತಿನಲ್ಲೇ ಕೇಳಿ, ಒಪ್ಪಿ ಮಾಹಿತಿ ಹಂಚಿಕೊಳ್ಳುತ್ತಿದ್ದವು. ಯಾವ ಊರಿನಲ್ಲಿ ಯಾವ ಗುಂಪಿನ ರಕ್ತವಿದೆಯೆಂದು ಕ್ಷಣದಲ್ಲಿ ತಿಳಿಯುತ್ತಿತ್ತು. ಅಂದು ಬೆಳಿಗ್ಗೆ ಆ ಮಾತು ನಿಂತುಹೋಯಿತು.

ಕಲಬುರಗಿಯ ಯಂತ್ರವನ್ನು ರೂಪಿಸಿದ ಎಂಜಿನಿಯರ್ ರುದ್ರಮುನಿಗೆ ಒಳಗೊಳಗೇ ಖುಷಿ. ಮಂಗಳೂರಿನ ಯಂತ್ರವನ್ನು ರೂಪಿಸಿದವಳು ಅವನ ಸಹಪಾಠಿ ಸುಲೋಚನಾ ಶೆಣೈ. ಹೋದಲ್ಲೆಲ್ಲ ಅವಳದೇ ಹೊಗಳಿಕೆ. ಕೇಳಿ ಕೇಳಿ ಅವನ ಹೊಟ್ಟೆ ಉರಿದುಹೋಗಿತ್ತು. ರಾಜ್ಯದ ಮುಖ್ಯ ಸರ್ವರ್ ಇಬ್ಬರಲ್ಲಿ ಯಾರದಾಗಬೇಕೆಂದು ಆರೋಗ್ಯ ಇಲಾಖೆಯ ಸಮಿತಿ ಅಂದು ಸಂಜೆಯೇ ತೀರ್ಮಾನಿಸಲಿತ್ತು. ಪರೀಕ್ಷಿಸಿದರೆ, ಮಾತುಕತೆಗೊಂದರಂತೆ ತೆರೆಯುವ ಮಂಗಳೂರಿನ ನಾನೂರು ಸಂಪರ್ಕದಾರಿಗಳೂ ಭರ್ತಿ! "ದೋಷ ಮಂಗಳೂರಿನದು" ಎಂದು ವರದಿ ಬರೆಯತೊಡಗಿದ. ಬೆರಳುಗಳಿಗೆ ಎಂದೂ ಇಲ್ಲದ ಹುರುಪು ಬಂದಿತ್ತು.

ಅಷ್ಟರಲ್ಲಿ ನರ್ಸ್ ಹುಲಿಗೆಮ್ಮ ಬಂದಳು. "ಸರ, ಮುಂಜಾನಿಂದ ರಕ್ತದ ಪಟ್ಟಿ ಬಂದಿಲ್ರಿ. ಏನಾಗೇದ?"

"ಮಂಗಳೂರಿನವ್ರು ಲೈನ್ ಬಿಡವಲ್ರು."

ಹುಲಿಗೆಮ್ಮ ಪರದೆಯ ಮೇಲಿನ ಸಂಭಾಷಣೆ ಓದಿ ನಕ್ಕುಬಿಟ್ಟಳು. ಪ್ರತಿ ಸಲ ಮಾತು ಮುಗಿದಾಗ ಕಲಬುರಗಿ "ಬರ್ತೀನ್ರಿ" ಎಂದಿತ್ತು. ಮಂಗಳೂರು "ಆಯ್ತು, ಬನ್ನಿ" ಎಂದಿತ್ತು.

"ನಿಮ್ಮದು ಬರ್ತೀನಿ ಅಂತ ಹೇಳಿ ಹೋಗೇದ್ರಿ ಸರ. ಮಂಗಳೂರಿಂದು ಪಾಪ, ಖರೇ ಬರ್ತದ ಅಂತ ಬಾಗಲಾ ತೆಗದಿಟ್ಟು ಕುಂತದ. ನಾನೂರು ಸಲ!"

ರುದ್ರಮುನಿಯ ಮುಖ ಸಣ್ಣದಾಯಿತು. ತನ್ನ ಯಂತ್ರ ಸುಲೋಚನಾಳದಕ್ಕಿಂತ ಸಂಭಾವಿತ ಎನಿಸಿಕೊಳ್ಳಲೆಂದು ಆ ಮರ್ಯಾದೆಯ ಮಾತನ್ನು ಹಿಂದಿನ ದಿನ ಅದಕ್ಕೆ ಕಲಿಸಿದವನು ಅವನೇ. ಆದರೂ ವರದಿ ಅಳಿಸಲು ಮನಸ್ಸು ಬರಲಿಲ್ಲ. ಮೊದಲು ಸಂಪರ್ಕ ಸರಿಯಾಗಲಿ ಎಂದುಕೊಂಡು, "ಬರ್ತೀನಿ" ತೆಗೆದು "ಹೋಗ್ತೀನಿ" ಎಂದು ಹಾಕಿ, ಕಾದು ನಿಂತಿದ್ದ ದಾರಿಗಳಿಗೆಲ್ಲ ಕಳಿಸಿದ.

"ಅಯ್ಯ, ಹಂಗ ಯಾರರ ಅಂತಾರೇನ್ರಿ?" ಹುಲಿಗೆಮ್ಮ ಹೌಹಾರಿದಳು.

ದಾರಿಗಳು ಒಂದೊಂದಾಗಿ ತೆರವಾದವು. ರಕ್ತದ ಪಟ್ಟಿ ಮತ್ತೆ ಹರಿದುಬಂತು. ಕೊನೆಯ ದಾರಿಯೊಂದನ್ನು ಮಾತ್ರ ಮಂಗಳೂರು ಬಿಡಲಿಲ್ಲ. ಪರದೆಯ ಮೇಲೆ, ಯಾರೂ ಕಲಿಸದಿದ್ದ ಪ್ರಶ್ನೆಯೊಂದು ಮೂಡಿತು:

"ಹೋಗ್ತೀನಿ ಅಂತೀರಲ್ಲ ಮಾರಾಯ್ರೆ, ನನ್ನಿಂದ ಏನಾದ್ರೂ ತಪ್ಪಾಯ್ತಾ?"

ರುದ್ರಮುನಿ ಅದನ್ನು ಓದಿದ. ಪಕ್ಕದಲ್ಲೇ ಅರ್ಧ ಬರೆದ ವರದಿ ತೆರೆದಿತ್ತು. ಅವನಿಗೆ ಹುಲಿಗೆಮ್ಮನ ಮುಖ ನೋಡಲೂ ನಾಚಿಕೆಯಾಯಿತು. ಯಂತ್ರಕ್ಕೆ ಬಿಡದೆ ತಾನೇ ಟೈಪ್ ಮಾಡಿದ: "ಇಲ್ಲ. ತಪ್ಪು ನಂದು."

ಆಮೇಲೆ ವರದಿಯನ್ನು ಅಳಿಸಿ, ಸಮಿತಿಗೂ ಅದನ್ನೇ ಬರೆದು ಕಳಿಸಿದ.