ಅಕ್ಕುತಾಯಿ ಮರೆತ ನಾಲ್ಕು ಪದ

ಬಾಪುಸಾಹೇಬನ ಚಾಕು ನನ್ನ ಪಕ್ಕೆಗೆ ಒತ್ತಿತ್ತು.

"ಡಾಕ್ಟರ್ ಸಹಿ ಎಲ್ಲೈತಿ, ನಾಮದೇವ?"

"ಇಲ್ಲ."

ಚಾಕು ಇನ್ನಷ್ಟು ಒತ್ತಿತು...

ತೊಂಬತ್ತಾರನೇ ಇಸವಿ. ಚಿಕ್ಕೋಡಿಯ ಮೈದಾನದ ಹಿಂದಿನ ಶೆಡ್ಡು. ಪೊಲೀಸ್ ಕೆಲಸ ಹೋದ ಮೇಲೆ ಇಂಥ ಗಿರಾಕಿಗಳೇ ನನ್ನ ಹೊಟ್ಟೆಪಾಡು ನೋಡಿ. ಬಾಪುಸಾಹೇಬ ಹುಡುಗಿಯರ ಕಬಡ್ಡಿ ಟೀಮಿನ ಕೋಚ್. ಅವನ ರೈಡರ್ ಅಕ್ಕುತಾಯಿಗೆ ಹದಿನೇಳು ವರ್ಷ. ಎಂಟು ದಿನದ ಹಿಂದೆ ನಿಪ್ಪಾಣಿಯ ಮ್ಯಾಚಿನಲ್ಲಿ ತಲೆ ನೆಲಕ್ಕೆ ಬಡಿದು ಎಚ್ಚರ ತಪ್ಪಿದ್ದಳು. ಇವತ್ತು ಫೈನಲ್. ಡಾಕ್ಟರ್ ಉತ್ತಮ ಅವರು ಫಿಟ್ ಎಂದು ಸಹಿ ಹಾಕದೆ ಅವಳನ್ನು ಆಡಿಸುವಂತಿಲ್ಲ.

ಹೆದರಿಸಿ ಸಹಿ ತರುವುದು ನನ್ನ ಕೆಲಸ.

ಬೆಳಿಗ್ಗೆ ಹೋಗಿ ಹೆದರಿಸಿದೆ. ಡಾಕ್ಟರ್ ಹೆದರಲಿಲ್ಲ!

"ಮಿದುಳಿಗೆ ಪೆಟ್ಟಾಗೈತ್ರಿ. ಅದು ಆರೂ ಮೊದ್ಲ ಇನ್ನೊಂದು ಬಿದ್ರ ಹುಡುಗಿ ಉಳಿಯೂದಿಲ್ಲ. ನೀವ ನೋಡ್ರಿ. ಐದು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳ್ರಿ. ಆಮ್ಯಾಲ ಓಡಿಸ್ರಿ."

ಮೈದಾನಕ್ಕೆ ಬಂದು ಅವಳನ್ನು ಕೇಳಿದೆ. ಇವತ್ತು ಯಾವ ವಾರ? ನಿಪ್ಪಾಣಿಯಲ್ಲಿ ಸ್ಕೋರ್ ಎಷ್ಟು? ಪ್ರಶ್ನೆ ಮುಗಿಯುವ ಮೊದಲೇ ಉತ್ತರ!

ಕೋಚ್ ಬಾಯಿಪಾಠ ಮಾಡಿಸಿದ್ದ.

"ಬೆಲ್ಲ, ಚಪ್ಪಲಿ, ನವಿಲು, ಟ್ರಕ್, ಕೊಡ," ಎಂದೆ. ಐದು ನಿಮಿಷ ಕಾದೆ.

"ಬೆಲ್ಲ..."

ಅಷ್ಟೇ.

ಒಂದು ಸುತ್ತು ಓಡಿಸಿದೆ. ಗೋಡೆ ಹಿಡಿದು ವಾಂತಿ ಮಾಡಿಕೊಂಡಳು.

"ತಲಿ ನೋಯಾಕತ್ತೈತೇನು?"

"ಇಲ್ಲ! ಯಾರಿಗೂ ಹೇಳಬ್ಯಾಡ್ರಿ, ಕಾಕಾ!"

ಹೇಳಿದೆ. ಮೊದಲು ಅವಳ ತಾಯಿ ಸುಂದ್ರವ್ವನಿಗೆ, ಆಮೇಲೆ ಕೋಚ್‌ಗೆ. ಅದಕ್ಕೇ ಈಗ ಪಕ್ಕೆಯಲ್ಲಿ ಚಾಕು.

ಮೊಣಕೈ ಬೀಸಿದೆ. ಬಾಪುಸಾಹೇಬನ ಮೂಗು ಒಡೆಯಿತು! ಚಾಕು ನನ್ನ ಅಂಗಿಯ ಜೊತೆ ಚರ್ಮವನ್ನೂ ಸೀಳಿತು. ಹೊರಗೆ ಓಡಿ ನನ್ನ ಬುಲೆಟ್ ಬೈಕಿಗೆ ಕಿಕ್ ಹೊಡೆದೆ.

ಸುಂದ್ರವ್ವ ಮಗಳನ್ನು ಎಳೆದುಕೊಂಡು ಬಂದಳು.

"ಬಿಡಬೇ! ಫೈನಲ್ ಐತಿ!"

"ಕಪ್ ಹಾಳಾಗ್ಲಿ. ನನಗ ನೀ ಬೇಕು. ಹತ್ತ!"

ಬುಲೆಟ್ ಮೇಲೆ ಮೂವರು. ಹಿಂದೆ ಕೋಚ್‌ನ ಜೀಪು! ತಂಬಾಕಿನ ಹೊಲದ ಒಡ್ಡಿಗೆ ಗಾಡಿ ತಿರುಗಿಸಿದೆ. ಜೀಪೂ ತಿರುಗಿತು... ಒಡ್ಡು ಅದರಷ್ಟು ಅಗಲ ಇರಲಿಲ್ಲ. ಕಾಲುವೆಗೆ ಮಗುಚಿತು.

ಆಸ್ಪತ್ರೆ ತಲುಪಿದಾಗ ಡಾಕ್ಟರ್ ಮೊದಲು ಅವಳನ್ನು ನೋಡಿದರು, ಆಮೇಲೆ ನನಗೆ ಒಂಬತ್ತು ಹೊಲಿಗೆ ಹಾಕಿದರು.

"ನನ್ನ ಆಟಾ ಹಾಳ ಮಾಡಿದಿ! ಸಾಯೋತನಾ ಮರಿಯೂದಿಲ್ಲ!" ಅಕ್ಕುತಾಯಿ ನನ್ನ ಮೇಲೆ ಕಿರುಚಿದಳು.

ಟೀಮು ಸೋತಿತು. ಡಾಕ್ಟರ್ ಅವಳಿಗೆ ಮೊದಲು ವಿಶ್ರಾಂತಿ ಕೊಟ್ಟರು. ಆಮೇಲೆ ನಡೆಸಿದರು. ತಲೆನೋವು ಬರಲಿಲ್ಲ ಎಂದ ಮೇಲೆ ಓಡಿಸಿದರು. ತಿಂಗಳು ಕಳೆದು ಆಟಕ್ಕೆ ಬಿಟ್ಟ ದಿನ ನಾನೂ ನೋಡಲು ಹೋದೆ.

ಅಕ್ಕುತಾಯಿ ನೆಟ್ಟಗೆ ನನ್ನತ್ತ ನಡೆದು ಬಂದಳು. ಕೆನ್ನೆಗೆ ಫಟಾರನೆ ಬಾರಿಸಿದಳು!

ಗುರಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಹುಡುಗಿ ಪೂರ್ತಿ ಫಿಟ್!